ಕೆಂಪು ದೀಪ



ಕಾರಿನ ಕೀಲಿ ತಿರುಗಿಸಿದಾಗ, ಎಂಜಿನ್ ಚಾಲೂ ಆಗುವ ಮುನ್ನ, ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪಗಳು ಒಟ್ಟಿಗೇ ಹತ್ತುತ್ತವೆ. ಗಾಬರಿ ಬೇಡ, ದೀಪಗಳು ಬದುಕಿವೆಯೇ ಎಂಬ ತಪಾಸಣೆ ಅದು. ಆಗ ಹತ್ತದ ದೀಪವೇ ಅಪಾಯದ್ದು. ಮುಂದೆ ಒಳಗೇನಾದರೂ ಕೆಟ್ಟರೆ ಅದು ಹೇಳಲಾರದು.

ಎಣ್ಣೆ ಗಿಂಡಿಯ ಗುರುತಿರುವ ಕೆಂಪು ದೀಪವನ್ನೇ ನೋಡಿ. ಆಯಿಲ್ ಎಷ್ಟಿದೆ ಎಂದು ತೋರಿಸಲು ಅದಿದೆ ಎಂದು ಎಷ್ಟೋ ಚಾಲಕರು ನಂಬಿದ್ದಾರೆ. ಅಲ್ಲ. ಎಂಜಿನ್ನಿನೊಳಗೆ ಆಯಿಲಿನ ಒತ್ತಡ ಕುಸಿದಾಗ ಒಂದು ಸಣ್ಣ ಸ್ವಿಚ್ಚು ಅದನ್ನು ಹೊತ್ತಿಸುತ್ತದೆ. ಹಳದಿ ದೀಪವಾದರೆ ಬೇಗ ಮೆಕ್ಯಾನಿಕ್‌ಗೆ ತೋರಿಸಿ ಎಂದರ್ಥ. ಕೆಂಪಾದರೆ ಕೂಡಲೇ ನಿಲ್ಲಿಸಬೇಕು. ಇಲ್ಲವಾದರೆ ಲೋಹಕ್ಕೆ ಲೋಹ ಉಜ್ಜಿ ನಿಮಿಷಗಳಲ್ಲೇ ಎಂಜಿನ್ ಹಾಳು. ಆಯುಧಪೂಜೆಯಲ್ಲಿ ಚಕ್ರದಡಿ ಇಟ್ಟ ನಿಂಬೆಹಣ್ಣು ಆಗ ಕೈಹಿಡಿಯದು.

ವೇದನೆಯನ್ನು ವೇದನೆಯೆಂದು ಅರಿಯಿರಿ, ಅದರ ಕಾರಣ ನೋಡಿರಿ ಎಂದು ತಥಾಗತರು ಕಲಿಸಿದ್ದು ಇದಕ್ಕೇ. ನಮ್ಮ ಅಜ್ಜಂದಿರ ಎದೆಯಲ್ಲಿ ಅವಮಾನ ಉರಿದಾಗ ‘ಹಿಂದಿನ ಜನ್ಮದ ಕರ್ಮ’ ಎಂದು ಹೇಳಿ ಆ ದೀಪಕ್ಕೆ ಬಟ್ಟೆ ಹೊದಿಸಿದರು. ಬಾಬಾಸಾಹೇಬರು ಆ ಬಟ್ಟೆ ಕಿತ್ತೆಸೆದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಮದ್ಯ ಸೇವಿಸುವುದಿಲ್ಲ ಎಂಬುದೂ ಒಂದು. ನಾವು ಅತಿ ಹಗುರವಾಗಿ ತೆಗೆದುಕೊಂಡಿರುವುದೂ ಅದನ್ನೇ!

ಕುಡಿದರೆ ನೋವಿನ ಕಾರಣ ತೀರುವುದಿಲ್ಲ, ಬಲ್ಬು ಕಳಚಿರುತ್ತದೆ ಅಷ್ಟೇ. ತನ್ನ ದೀಪ ಮಾತ್ರವೇ? ಶಾಲೆಯಿಂದ ಬಂದ ಮಗಳು ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ್ದೂ ಆ ತಂದೆಗೆ ಕಾಣುವುದಿಲ್ಲ.