ಎಲ್ಲ ಬದಲಾದರೂ ಅದೇ ಎನ್ನುವುದು ಹೇಗೆ?

ಓಪನ್‌ಸ್ಟ್ಯಾಕ್‌ ಎಂಬ ಕ್ಲೌಡ್‌ ವೇದಿಕೆಯಲ್ಲಿ ಕಂಟೇನರ್‌ ಕ್ಲಸ್ಟರ್‌ ಕಟ್ಟಿಕೊಡುವ ಸೇವೆ ಮ್ಯಾಗ್ನಮ್‌. ಯಾವ ಇಮೇಜ್‌, ಎಷ್ಟು ದೊಡ್ಡ ಯಂತ್ರ, ಹೊರಗಿನ ನೆಟ್‌ವರ್ಕ್‌ ಯಾವುದು ಎಂಬುದನ್ನು ಮೊದಲು ಟೆಂಪ್ಲೇಟಿನಲ್ಲಿ ಬರೆಯಬೇಕು. ನಿಯಂತ್ರಿಸುವ ಯಂತ್ರಗಳಾದ ಮಾಸ್ಟರ್‌ 3, ಕೆಲಸ ಹೊರುವ ವರ್ಕರ್‌ 5 ಎಂದು ಎಣಿಕೆ ಕೊಟ್ಟರೆ, ಕಂಟೇನರ್‌ಗಳನ್ನು ನಿರ್ವಹಿಸುವ ಕುಬರ್ನೆಟಿಸ್‌ ಕ್ಲಸ್ಟರ್‌ ಎದ್ದು ನಿಲ್ಲುತ್ತದೆ. ಮೂರು ಮಾಸ್ಟರ್‌ಗಳಲ್ಲಿ ಒಂದು ಬಿದ್ದರೂ ಉಳಿದೆರಡರ ಬಹುಮತದಿಂದ ಕೆಲಸ ನಡೆಯುತ್ತದೆ.

ಇಲ್ಲಿ ಬರೆಯುವುದು 'ಹೀಗೆ ಮಾಡು' ಎಂದಲ್ಲ, 'ಹೀಗಿರಲಿ' ಎಂದು. ಕಂಟೇನರ್‌ ಓಡುವ ಚಿಕ್ಕ ಘಟಕವಾದ ಪಾಡ್‌ ನಾಲ್ಕಿರಲಿ ಎಂದು ಬರೆದಿದ್ದರೆ, ಒಂದು ಸತ್ತಾಗ ಇನ್ನೊಂದು ಹುಟ್ಟುತ್ತದೆ. ಅದಕ್ಕೆ ಹೊಸ ಹೆಸರು, ಹೊಸ ಐಪಿ ವಿಳಾಸ. ಪಾಡ್‌ಗಳ ಮುಂದೆ ನಿಂತು ಕೋರಿಕೆಗಳನ್ನು ಅವಕ್ಕೆ ತಲುಪಿಸುವ ಸರ್ವೀಸ್‌ನ ವಿಳಾಸ ಮಾತ್ರ ಕದಲುವುದಿಲ್ಲ. ಕಾಲಕ್ರಮದಲ್ಲಿ ಪಾಡ್‌ಗಳೆಲ್ಲ ಹೊಸವಾಗುತ್ತವೆ, ಯಂತ್ರಗಳೂ ಬದಲಾಗುತ್ತವೆ. ಆದರೂ ಅದು ಅದೇ ಕ್ಲಸ್ಟರ್‌ ಎನ್ನುವುದು ಯಾವ ಆಧಾರದ ಮೇಲೆ?

ಶ್ರೀರಂಗಪಟ್ಟಣ, ಪಾಂಡವಪುರದ ಸೀಮೆಗೆ ಈ ಪ್ರಶ್ನೆ ಹೊಸದಲ್ಲ. ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವನ್ನು ಕಲ್ಲುಕಲ್ಲಿಗೂ ಗುರುತು ಹಾಕಿ ಕಳಚಿ, ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಲಾಯಿತು. ಅಲ್ಲಿ ಕಲ್ಲು ಉಳಿದು ನೆಲ ಬದಲಾಯಿತು. ಕ್ಲಸ್ಟರಿನಲ್ಲಿ ವಿಳಾಸ ಉಳಿದು ಒಳಗಿನದೆಲ್ಲ ಬದಲಾಗುತ್ತದೆ. ಜೀರ್ಣೋದ್ಧಾರಕ್ಕೆ ಮೊದಲು ಆಗಮಗಳು ಹೇಳುವ ಕಲಾಕರ್ಷಣ ವಿಧಿಯಲ್ಲಿ ಮೂರ್ತಿಯ ಸಾನ್ನಿಧ್ಯವನ್ನು ಕುಂಭಕ್ಕೆ ಆವಾಹಿಸುತ್ತಾರೆ, ಕೆಲಸ ಮುಗಿದ ಮೇಲೆ ಮರಳಿ ತುಂಬುತ್ತಾರೆ. ಗುರುತು ಕಲ್ಲಿನದಲ್ಲ, ಸಾನ್ನಿಧ್ಯದ್ದು ಎಂಬುದು ಆ ವಿಧಿಯ ನಿಲುವು.

ಪಾಂಡವಪುರ ತಾಲ್ಲೂಕಿನ ತೊಣ್ಣೂರು, ಮೇಲುಕೋಟೆಗಳಲ್ಲಿ ನೆಲೆಸಿದ್ದ ರಾಮಾನುಜಾಚಾರ್ಯರು ಶ್ರೀಭಾಷ್ಯದಲ್ಲಿ ಶರೀರಕ್ಕೆ ಕೊಟ್ಟ ಲಕ್ಷಣ ಇಲ್ಲಿ ಬಹಳ ಉಪಯುಕ್ತ. ಚೇತನವೊಂದು ಯಾವುದನ್ನು ಸಂಪೂರ್ಣವಾಗಿ ಧರಿಸಿ, ತನ್ನ ಪ್ರಯೋಜನಕ್ಕಾಗಿ ನಿಯಮಿಸುತ್ತದೋ, ಯಾವುದು ಆ ಚೇತನಕ್ಕೆ ಶೇಷವಾಗಿಯೇ, ಅಂದರೆ ಅದಕ್ಕಾಗಿಯೇ, ಇರುತ್ತದೋ ಅದು ಅದರ ಶರೀರ. ಕೈಕಾಲು ಇರಬೇಕೆಂಬ ಮಾತೇ ಇಲ್ಲ.

ಪಾಡ್‌ಗಳನ್ನು ಯಂತ್ರಗಳು ಧರಿಸುತ್ತವೆ, ಮಾಸ್ಟರ್‌ಗಳು ನಿಯಮಿಸುತ್ತವೆ. ಹಾಗೆಂದು 'ಹೀಗಿರಲಿ' ಎಂಬ ಬರಹವನ್ನು ಇಟ್ಟುಕೊಂಡಿರುವ ಇಟಿಸಿಡಿ ಎಂಬ ದತ್ತಸಂಚಯವನ್ನೇ ಕ್ಲಸ್ಟರಿನ ಆತ್ಮ ಎನ್ನುವುದು ಆಕರ್ಷಕವಾದರೂ ತಪ್ಪು. ಇಟಿಸಿಡಿ ಕೂಡ ಮೂರು ಯಂತ್ರಗಳಲ್ಲಿ ನಕಲಾಗಿರುವ ದತ್ತಾಂಶ, ಅದೂ ಅಚೇತನ. ನಾಲ್ಕು ಪಾಡ್‌ ಇರಲಿ ಎಂಬ ಇಚ್ಛೆ ಅದರದಲ್ಲ, ಬರೆದವರದು. ಪ್ರಯೋಜನವಂತೂ ಪೂರ್ತಿ ಹೊರಗಿದೆ, ಸೇವೆ ಪಡೆಯುವವರಲ್ಲಿ. ಆದ್ದರಿಂದ ಹಳೆಯ ಯಂತ್ರಗಳು ಸುಟ್ಟುಹೋಗಿ, ಇಟಿಸಿಡಿಯ ಸ್ನ್ಯಾಪ್‌ಶಾಟ್‌ನಿಂದ ಬೇರೆ ಯಂತ್ರಗಳ ಮೇಲೆ ಎಬ್ಬಿಸಿದ ಕ್ಲಸ್ಟರ್‌ ಮೊದಲಿನದೇ ಹೌದೋ ಅಲ್ಲವೋ ಎಂಬುದಕ್ಕೆ ಅದರೊಳಗೆ ಎಲ್ಲಿ ಹುಡುಕಿದರೂ ಉತ್ತರ ಸಿಗದು. ಅದು ಯಾರಿಗಾಗಿ ಇದೆಯೋ ಅವರನ್ನು ಕೇಳಬೇಕು.