ಜೇನ್ನೊಣ ಕಲಿತ ಪಾಠ

ಹೂವಿನ ಮೇಲೆ ಕುಳಿತ ಜೇನ್ನೊಣವನ್ನು ನೀವು ಎಷ್ಟೋ ಸಲ ನೋಡಿರುತ್ತೀರಿ. ಅದರ ಪುಟ್ಟ ಮಿದುಳಿನಲ್ಲಿರುವುದು ಸುಮಾರು 10 ಲಕ್ಷ ನರಕೋಶಗಳು ಮಾತ್ರ. ಆದರೆ ಅದು ಮಾಡುವ ಕೆಲಸವೇನೆಂದು ಸ್ವಲ್ಪ ಚಿಂತಿಸಿರಿ.

ಹೂವು ಕಂಡು ಬಂದ ನೊಣ ಗೂಡಿನ ಕತ್ತಲಲ್ಲಿ, ನೆಟ್ಟಗೆ ನಿಂತ ಎರಿಯ ಮೇಲೆ ಮೈ ಅಲುಗಿಸುತ್ತಾ ಕುಣಿಯುತ್ತದೆ. ನೇರ ಮೇಲ್ಮುಖವಾಗಿ ಕುಣಿದರೆ ಹೂವು ಸೂರ್ಯನ ದಿಕ್ಕಿನಲ್ಲಿದೆ ಎಂದರ್ಥ. ಬಲಕ್ಕೆ 30 ಡಿಗ್ರಿ ವಾಲಿದರೆ, ಸೂರ್ಯನಿಂದ ಬಲಕ್ಕೆ ಅಷ್ಟೇ ವಾಲಿ ಹಾರಬೇಕು. ಕುಣಿತ ದೀರ್ಘವಾದಷ್ಟೂ ದಾರಿ ದೂರ. ಈ ಭಾಷೆಯನ್ನು ಬಿಡಿಸಿದ ಕಾರ್ಲ್ ಫಾನ್ ಫ್ರಿಶ್‌ಗೆ 1973ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ಸಂದಿತು. ಪವಿತ್ರ ಕುರ್‌ಆನಿನ 16ನೆಯ ಅಧ್ಯಾಯಕ್ಕೆ ಜೇನ್ನೊಣದ್ದೇ ಹೆಸರು. ಅಲ್ಲಾಹನು ಜೇನಿಗೆ ನೀಡಿದ ಬೋಧನೆಯ ಉಲ್ಲೇಖ ಅಲ್ಲಿದೆ.

2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಯೋಗದ ವರದಿ ಬಂತು. ಅನುಭವಿ ನೊಣಗಳ ಕುಣಿತವನ್ನು ಒಮ್ಮೆಯೂ ನೋಡದೆ ಬೆಳೆದ ಎಳೆಯ ನೊಣಗಳೂ ಕುಣಿದವು. ಆದರೆ ದಿಕ್ಕಿನಲ್ಲೂ ದೂರದಲ್ಲೂ ತಪ್ಪಿದವು. ದಿಕ್ಕಿನ ತಪ್ಪು ಕಾಲಕ್ರಮೇಣ ತಿದ್ದಿಕೊಂಡಿತು. ದೂರದ ತಪ್ಪು ಮಾತ್ರ ಬದುಕಿನುದ್ದಕ್ಕೂ ಉಳಿಯಿತು.

ಕಲಿಯಬೇಕಾದರೆ ಹುಟ್ಟಿನ ಬೋಧನೆ ಎಲ್ಲಿ ಬಂತು ಎಂದು ಕೆಲವರು ಕೇಳಬಹುದು. ಕುಣಿಯುವ ಶಕ್ತಿಯೂ ನೋಡಿ ಕಲಿಯುವ ಶಕ್ತಿಯೂ ಸೃಷ್ಟಿಕರ್ತನ ಕೊಡುಗೆಯೇ. ಆದರೆ ಆ ಕೊಡುಗೆ ಹಿರಿಯರ ಹೊಣೆಯನ್ನು ರದ್ದುಪಡಿಸುವುದಿಲ್ಲ. ನಮ್ಮ ಮಕ್ಕಳೂ ಶುದ್ಧ ಪ್ರಕೃತಿಯೊಂದಿಗೇ ಹುಟ್ಟುತ್ತಾರೆ. ಆಮೇಲೆ ಅವರು ನಮ್ಮನ್ನು ನೋಡುತ್ತಾರೆ.

ಸಾಲ ಕೊಟ್ಟವನು ಬಾಗಿಲು ತಟ್ಟಿದಾಗ ‘ಅಬ್ಬಾ ಮನೆಯಲ್ಲಿಲ್ಲ ಅಂತ ಹೇಳು’ ಎಂದು ಮಗುವನ್ನು ಕಳುಹಿಸುತ್ತೇವೆ. ಅದೇ ಸಂಜೆ ಸುಳ್ಳು ಮಹಾಪಾಪವೆಂದು ಅದೇ ಮಗುವಿಗೆ ಉಪದೇಶಿಸುತ್ತೇವೆ. ಮಗು ಕಲಿಯುವುದು ಯಾವುದನ್ನು? ಉಪದೇಶವನ್ನಲ್ಲ, ಬಾಗಿಲಲ್ಲಿ ಕಂಡದ್ದನ್ನು. ದೊಡ್ಡವನಾದ ಮೇಲೆ ಕೆಲವನ್ನು ಅವನೇ ತಿದ್ದಿಕೊಂಡಾನು. ಎಲ್ಲವನ್ನೂ ತಿದ್ದಿಕೊಳ್ಳುತ್ತಾನೆಂಬ ಭರವಸೆ ಯಾರಿಗಿದೆ?

ಜೇನಿಗೆ ಆಯ್ಕೆಯಿಲ್ಲ, ಅದನ್ನು ಯಾರೂ ವಿಚಾರಣೆ ಮಾಡುವುದಿಲ್ಲ. ನಮಗೆ ಆಯ್ಕೆಯಿದೆ, ಆದ್ದರಿಂದಲೇ ವಿಚಾರಣೆಯೂ ಇದೆ. ಸೃಷ್ಟಿಯನ್ನು ಕಂಡು ‘ಸುಬ್‌ಹಾನಲ್ಲಾಹ್’ ಎನ್ನುವುದು ಸುಲಭ. ಆ ಉದ್ಗಾರ ನಮ್ಮ ನಡತೆಗೆ ಇಳಿಯದಿದ್ದರೆ ಅದರಿಂದೇನು ಪ್ರಯೋಜನ? ಇಂದು ಮನೆಗೆ ಹೋದಾಗ ನಿಮ್ಮನ್ನೇ ನೋಡುತ್ತಿರುವ ಆ ಪುಟ್ಟ ಕಣ್ಣುಗಳನ್ನು ಒಮ್ಮೆ ಗಮನಿಸಿರಿ. ನೀವು ತೋರಿಸುತ್ತಿರುವ ದಾರಿ ಸರಿಯಾದುದೇ?