ಕಾಣದಿರುವುದೂ ಇಲ್ಲದಿರುವುದೂ

ಬಡಗಿಯು ಬಂಡಿಯನ್ನು ಮಾಡಿಕೊಟ್ಟನು. ಅದರ ಅಚ್ಚನ್ನು ಬಡಿದವನು ಕಮ್ಮಾರನು. ಕಾಳಿನ ಚೀಲಗಳನ್ನು ಹೇರಿಕೊಂಡು ಇಳಿಜಾರಿನಲ್ಲಿ ಹೋಗುವಾಗ ಅಚ್ಚು ಕಿರುಗುಟ್ಟುತ್ತದೆಂದು ರೈತನು ಬಂದು ಹೇಳಿಕೊಂಡರೆ, ಬಡಗಿಯು ಬರಿಯ ಬಂಡಿಯನ್ನು ತನ್ನ ಅಂಗಳದಲ್ಲಿ ನಾಲ್ಕು ಹೆಜ್ಜೆ ಎಳೆದು ನೋಡಿ, “ಸದ್ದೇ ಇಲ್ಲವಲ್ಲ, ಗೌಡರೆ! ಇದ್ದರೂ ಅದು ಕಮ್ಮಾರನ ಕೆಲಸ” ಎನ್ನುತ್ತಾನೆ. ಬಡಗಿಯು ಸುಳ್ಳಾಡಿದನೆ? ಇಲ್ಲ, ಅವನಿಗೆ ಸದ್ದು ಕೇಳಿಸಲಿಲ್ಲವೆಂಬುದು ದಿಟವೇ. ಆದರೂ ಅವನ ಮಾತಿನಲ್ಲಿ ಒಂದು ಅಧರ್ಮವು ಅಡಗಿದೆ. ಅದು ಯಾವುದೆಂಬುದೇ ಇಲ್ಲಿಯ ಜಿಜ್ಞಾಸೆ.

ಮೀಮಾಂಸಕರಲ್ಲಿ ಕುಮಾರಿಲಭಟ್ಟನ ಮತದವರು ಅನುಪಲಬ್ಧಿಯನ್ನು ಪ್ರತ್ಯೇಕ ಪ್ರಮಾಣವೆಂದು ಒಪ್ಪುತ್ತಾರೆ. ನೆಲದ ಮೇಲೆ ಗಡಿಗೆಯು ಕಾಣಿಸದಿದ್ದಾಗ ಅಲ್ಲಿ ಗಡಿಗೆಯಿಲ್ಲವೆಂದು ತಿಳಿಯುವುದು ಈ ಪ್ರಮಾಣದಿಂದ. ಆದರೆ ಇದಕ್ಕೊಂದು ಕಟ್ಟುಂಟು: ಗಡಿಗೆಯು ಇದ್ದಿದ್ದರೆ ಕಾಣಲೇಬೇಕಾದಂಥ ಸ್ಥಿತಿಯಿರಬೇಕು. ಬೆಳಕಿರಬೇಕು, ಕಣ್ಣು ನೆಟ್ಟಗಿರಬೇಕು. ಕತ್ತಲೆಯ ಕೋಣೆಯಲ್ಲಿ ಕಾಣದ ಗಡಿಗೆಯನ್ನು ಇಲ್ಲವೆನ್ನುವುದು ಪ್ರಮಾಣವಾಗಲಾರದು. ಇದನ್ನೇ ಯೋಗ್ಯಾನುಪಲಬ್ಧಿಯೆಂದು ಕರೆದರು.

ಈ ಸೂಕ್ಷ್ಮವು ಪಾಠಶಾಲೆಯ ತರ್ಕಕ್ಕೆ ಮಾತ್ರ ಸೇರಿದ್ದೆಂದು ವಾಚಕರು ಭಾವಿಸಬಾರದು. ಇಂದಿನ ಗಣಕಯಂತ್ರದ ತಂತ್ರಾಂಶಗಳು ಬಂಡಿಯಂತೆಯೇ ಹಲವರ ಕೈಯ ಘಟಕಗಳನ್ನು ಕೂಡಿಸಿ ಕಟ್ಟಿದವು. ಕೆಟ್ಟಾಗ ಬಳಸುವವನು ಮಾರಿದವನನ್ನು ಕೇಳುತ್ತಾನೆ. ಮಾರಿದವನು ಘಟಕವನ್ನು ಮಾಡಿದವನತ್ತ ಕೈ ತೋರಿಸುತ್ತಾನೆ. ಮಾಡಿದವನು “ನಮ್ಮಲ್ಲಿ ಹಾಗಾಗುತ್ತಿಲ್ಲ” ಎಂದು ಕಡತವನ್ನು ಮುಚ್ಚುತ್ತಾನೆ. ಬ್ರಿಟನ್ನಿನ ಅಂಚೆ ಕಚೇರಿಗಳಲ್ಲಿ ನಡೆದುಹೋದ ಸಂಗತಿಯು ಇದಕ್ಕೆ ನಿದರ್ಶನವಾಗಿದೆ.

ಅಲ್ಲಿ 1999ರಿಂದ ಲೆಕ್ಕಪತ್ರಕ್ಕಾಗಿ ‘ಹೊರೈಜನ್’ ಎಂಬ ವ್ಯವಸ್ಥೆಯು ಬಳಕೆಗೆ ಬಂದಿತು. ಅದನ್ನು ಒದಗಿಸಿದ್ದು ಫುಜಿತ್ಸು ಕಂಪನಿ. ಒಂದು ಕೌಂಟರಿನ ಯಂತ್ರದಲ್ಲಿ ಬರೆದ ಲೆಕ್ಕವನ್ನು ಇನ್ನೊಂದು ಕೌಂಟರಿಗೆ ಮುಟ್ಟಿಸುವ ಘಟಕವಾದರೋ ‘ರೈಪೋಸ್ಟ್’ ಎಂಬುದು. ಅದು ಎಶರ್ ಎಂಬ ಬೇರೊಂದು ಕಂಪನಿಯ ಕೃತಿ. ಈ ಘಟಕವು ಒಮ್ಮೊಮ್ಮೆ ಬೀಗ ಬಿದ್ದಂತೆ ನಿಂತುಬಿಡುತ್ತಿತ್ತು. ಆಗ ಒಂದೆಡೆ ಬರೆದದ್ದು ಇನ್ನೊಂದೆಡೆ ಕಾಣಿಸದು. ಕಾಣದಿರುವುದರಿಂದ ಬರೆದೇ ಇಲ್ಲವೆಂದು ತಿಳಿದು ಗುಮಾಸ್ತನು ಮತ್ತೊಮ್ಮೆ ಬರೆದರೆ, ಒಂದೇ ಹಣವು ಎರಡು ಸಲ ಲೆಕ್ಕಕ್ಕೆ ಸೇರಿ, ಪೆಟ್ಟಿಗೆಯ ಹಣವು ಪುಸ್ತಕದ ಹಣಕ್ಕೆ ತಾಳೆಯಾಗುತ್ತಿರಲಿಲ್ಲ. (ಕತ್ತಲೆಯ ಗಡಿಗೆಯನ್ನು ಇಲ್ಲವೆನ್ನಿಸುವ ವಿದ್ಯೆಯನ್ನು ಯಂತ್ರವೂ ಕಲಿತಿತ್ತೆನ್ನಬೇಕು!) 2005ರಲ್ಲಿ ಸ್ಕಾಟ್ಲೆಂಡಿನ ಫಾಲ್ಕಿರ್ಕ್ ಪಟ್ಟಣದ ಕ್ಯಾಲೆಂಡರ್ ಸ್ಕ್ವೇರ್ ಕಚೇರಿಯಲ್ಲಿ ಇದು ತೋರಿಬಂದು, ಆ ಕಚೇರಿಯ ಹೆಸರೇ ದೋಷಕ್ಕೆ ನಿಂತಿತು. ಆದರೆ ದೋಷವು 2000ದಿಂದಲೇ ಇದ್ದಿತು.

2006ರ ಫೆಬ್ರವರಿಯಲ್ಲಿ ಫುಜಿತ್ಸುವಿನ ಒಬ್ಬ ತಂತ್ರಜ್ಞೆಯು ಒಳಕಡತದಲ್ಲಿ ಬರೆದಿಟ್ಟ ಟಿಪ್ಪಣಿಯೊಂದು ಮುಂದೆ ವ್ಯಾಜ್ಯದಲ್ಲಿ ಬೆಳಕಿಗೆ ಬಂದಿತು. ಈ ತೊಂದರೆ ವರ್ಷಗಳಿಂದ ಇದೆ, ಬಹುಪಾಲು ವಾರಗಳಲ್ಲಿ ಹಲವು ಕಚೇರಿಗಳಿಗೆ ತಟ್ಟುತ್ತಿದೆ. ಈಗ ಎಶರಿನವರು ಸರಿಪಡಿಸಿದೆವೆನ್ನುತ್ತಾರೆ. ಆದರೆ ಹೊರಗಿನವರ ಮಾತನ್ನಷ್ಟೇ ನಂಬಿ ಕಡತವನ್ನು ಮುಚ್ಚುವುದಿಲ್ಲ, ಎಲ್ಲ ಕಚೇರಿಗಳನ್ನೂ ಪರಿಶೀಲಿಸಿ ನೋಡಬೇಕು—ಎಂಬುದು ಅದರ ತಾತ್ಪರ್ಯ. ಕೆಲಸವೆಂದರೆ ಹೀಗಿರಬೇಕು. ಅಂಗಳದ ಪರೀಕ್ಷೆಗೆ ತೃಪ್ತಿಪಡದೆ ಇಳಿಜಾರಿಗೇ ಹೋಗಿ ನೋಡುವೆನೆಂಬ ನಿಷ್ಠೆ ಇದು.

ಆದರೆ ಆ ದೀಪವು ಒಳಮನೆಯಲ್ಲಿಯೇ ಉಳಿಯಿತು. ಹೊರಗೆ, ಲೆಕ್ಕ ತಪ್ಪಿದಾಗ ಸಹಾಯವಾಣಿಗೆ ಕರೆಮಾಡಿದ ಅನೇಕ ಉಪಅಂಚೆಪಾಲಕರಿಗೆ, ಇಂಥ ತೊಂದರೆ ಬೇರೆ ಯಾರಿಗೂ ಇಲ್ಲವೆಂಬ ಉತ್ತರವು ಬರುತ್ತಿತ್ತೆಂದು ಅವರೇ ಸಾಕ್ಷ್ಯ ನುಡಿದಿದ್ದಾರೆ. ಕೊರತೆಯನ್ನು ಕೈಯಿಂದ ತುಂಬಿಕೊಡಬೇಕೆಂದು ಅವರ ಮೇಲೆ ಒತ್ತಡವಿದ್ದಿತು. ಯಂತ್ರದ ಒಳದಾಖಲೆಗಳನ್ನು ನೋಡಬಲ್ಲವರು ಒದಗಿಸಿದವರು. ತಪ್ಪು ತನ್ನದಲ್ಲವೆಂದು ತೋರಿಸಬೇಕಾದವನು ಅವನ್ನು ನೋಡಲಾರದ ಬಡ ಅಂಚೆಪಾಲಕ! 1999ರಿಂದ 2015ರವರೆಗೆ 900ಕ್ಕೂ ಮಿಕ್ಕು ಜನರು ಕಳವು, ಸುಳ್ಳುಲೆಕ್ಕ ಮೊದಲಾದ ಅಪರಾಧಗಳಿಗೆ ಗುರಿಯಾದರು. ಎಲ್ಲಕ್ಕೂ ರೈಪೋಸ್ಟಿನ ಬೀಗವೇ ಕಾರಣವಲ್ಲ. ಹೊರೈಜನ್ನಿನಲ್ಲಿ ಬೇರೆ ದೋಷಗಳೂ ಇದ್ದುವು. 2019ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯವು ಹಳೆಯ ಹೊರೈಜನ್ ನೆಚ್ಚತಕ್ಕದ್ದಾಗಿರಲಿಲ್ಲವೆಂದು ತೀರ್ಪಿತ್ತಿತು. 2024ರ ಮೇ ತಿಂಗಳಿನಲ್ಲಿ ಪಾರ್ಲಿಮೆಂಟು ಕಾನೂನನ್ನೇ ಮಾಡಿ ನೂರಾರು ಶಿಕ್ಷಾನಿರ್ಣಯಗಳನ್ನು ರದ್ದುಗೊಳಿಸಿತು. ಅಷ್ಟರಲ್ಲಿ ಕೆಲವರು ತೀರಿಕೊಂಡಿದ್ದರು.

ಇಲ್ಲೊಂದು ಆಕ್ಷೇಪವುಂಟು. ದಿನಕ್ಕೆ ನೂರು ದೂರುಗಳನ್ನು ಕೇಳುವವನು ಎಲ್ಲವನ್ನೂ ನಂಬಲು ಸಾಧ್ಯವೆ? ಎಷ್ಟೋ ದೂರುಗಳು ಬಳಸುವವನ ಕೈತಪ್ಪಿನಿಂದಲೇ ಹುಟ್ಟುವುದಿಲ್ಲವೆ? ಹುಟ್ಟುತ್ತವೆ, ನಿಶ್ಚಯ. ಆದರೆ ಅವನನ್ನು ಯಾರೂ ನಂಬಿಕೆಯನ್ನು ಬೇಡುತ್ತಿಲ್ಲ. “ನಮಗೆ ಇನ್ನೂ ಕಂಡಿಲ್ಲ” ಎನ್ನಬೇಕಾದಲ್ಲಿ “ಇಲ್ಲ” ಎಂದದ್ದು ಅಪರಾಧ. ಕಂಡಿದ್ದೂ “ಇಲ್ಲ” ಎಂದರೆ ಅದು ಅಪರಾಧಕ್ಕಿಂತ ದೊಡ್ಡದು. ರೈತನಿಗೂ ಕರ್ತವ್ಯವಿದೆ: ಎಷ್ಟು ಚೀಲ, ಯಾವ ಇಳಿಜಾರು, ಯಾವ ಹೊತ್ತು ಎಂಬುದನ್ನು ಅವನು ಬಿಡಿಸಿ ಹೇಳಬೇಕು. ಹೇಳಿದ ಮೇಲೆ ಬಡಗಿಯು ಅಷ್ಟೇ ಚೀಲಗಳನ್ನು ಹೇರಿಸಿ, ಕಮ್ಮಾರನನ್ನೂ ಜೊತೆಗೆ ಕರೆದುಕೊಂಡು, ಆ ಇಳಿಜಾರಿನವರೆಗೆ ಬಂಡಿಯ ಹಿಂದೆ ನಡೆಯತಕ್ಕದ್ದು.